ಬಿಸಿ ಬಾನೆಟ್ಟಿನ ಮೇಲೆ ಪವಡಿಸುವ ಬೆಕ್ಕಿನವರ ಸನ್ನಿಧಾನಕ್ಕೆ

ಮಾನ್ಯ ಬೆಕ್ಕಿನವರೇ,

ನಮ್ಮ ಟ್ಯಾಕ್ಸಿ ಚಾಲಕರ ಸಹಕಾರ ಸಂಘದ ಸ್ಟ್ಯಾಂಡಿಗೆ ಚಳಿಗಾಲದ ಒಂದು ಬೆಳಿಗ್ಗೆ ಬಾಲ ನಿಮಿರಿಸಿಕೊಂಡು ಬಂದು, ಚುನಾವಣೆಗೆ ನಿಲ್ಲದೆ, ಯಾರ ಕಾಲೂ ಹಿಡಿಯದೆ ಅಧಿಕಾರ ವಹಿಸಿಕೊಂಡ ತಮಗೆ, ಸದ್ಯ ಅಮಾನತಿನಲ್ಲಿರುವ ಸದಸ್ಯನೊಬ್ಬನ ಸಾಷ್ಟಾಂಗ ವಂದನೆಗಳು. ತಮ್ಮ ಆರೋಗ್ಯ, ತಮ್ಮ ಮೀಸೆ, ಎಡಗಿವಿಯ ಹಳೇ ಗಾಯ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವೇ ಆದ್ದರಿಂದ ಈ ಪತ್ರವನ್ನು ತಮಗೇ ಬರೆದು, ತಾವು ಓದಲಾರಿರೇನೋ ಎಂಬ ಸಣ್ಣ ಅನುಮಾನದಿಂದ ಸ್ಟ್ಯಾಂಡಿನ ಗೋಡೆಗೂ ಅಂಟಿಸುತ್ತಿದ್ದೇನೆ.

ತಮಗೆ ಗೊತ್ತಿರುವುದನ್ನೇ ಹೇಳುವ ಉದ್ಧಟತನವನ್ನು ಮನ್ನಿಸಬೇಕು. ಗೋಡೆ ಓದುವವರಿಗಾಗಿ ಹೇಳುತ್ತಿದ್ದೇನೆ. ನಮ್ಮ ಗಾಡಿಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ, ಬಂದ ಪ್ರಯಾಣಿಕರು ಎಲ್ಲಕ್ಕಿಂತ ಮುಂದಿರುವ ಗಾಡಿಗೆ ಹತ್ತುತ್ತಾರೆ. ಸಾಲು ಬಿಟ್ಟು ಹೋದವನು, ಹೋದದ್ದು ಪಕ್ಕದ ಬೀದಿಗೇ ಆದರೂ, ತಿರುಗಿ ಬಂದು ಕೊನೆಯಲ್ಲಿ ನಿಲ್ಲಬೇಕು. ಇದು ಸಂಘದ ಮೊದಲನೇ ನಿಯಮ, ನಾವೆಲ್ಲ ಮೊದಲು ಮುರಿಯುವ ನಿಯಮವೂ ಅದೇ. ನಡುಸಾಲಿನಲ್ಲಿರುವಾಗ ಖಾಯಂ ಗಿರಾಕಿಯ ಫೋನು ಬಂದರೆ ಮೆಲ್ಲಗೆ ಜಾರಿಕೊಳ್ಳುವುದು, ಹಿಂದಿನ ಗಾಡಿಯವನು ಜಾಗ ಹಿಡಿದಿಡುವುದು, ಬಂದ ಮೇಲೆ ಅದೇ ಸಂದಿಯಲ್ಲಿ ತೂರಿಕೊಂಡು ಬೆಳಗಿನಿಂದ ಅಲ್ಲೇ ಬೇರುಬಿಟ್ಟವನ ಹಾಗೆ ಆಕಳಿಸುವುದು. ದೂರು ಹೋದರೆ, ಅವನು ಹೋಗಿದ್ದ ಎನ್ನುವವರು ಅರ್ಧ ಜನ, ಗಾಡಿ ಅಲ್ಲಾಡಿಯೇ ಇಲ್ಲ ಎನ್ನುವವರು ಇನ್ನರ್ಧ. ಶಿಸ್ತು ಸಮಿತಿಯವರು ಇಬ್ಬರದ್ದೂ ಕೇಳಿ, ಟೀ ಕುಡಿದು, ಎದ್ದು ಹೋಗುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ತಮ್ಮ ಕುಲದ ಮೇಲೆ ಗಾದೆ ಕಟ್ಟಿದವರು ನಮ್ಮ ಸ್ಟ್ಯಾಂಡನ್ನು ನೋಡಿರಲಿಲ್ಲ.

ಅಂಥಲ್ಲಿಗೆ ತಾವು ಬಂದಿರಿ. ತಮಗೆ ಬೇಕಾದದ್ದು ಬೆನ್ನಿಗೊಂದಿಷ್ಟು ಬಿಸಿ, ಅಷ್ಟೆ. ಈಗಷ್ಟೇ ಓಡಿ ಬಂದ ಗಾಡಿಯ ಬಾನೆಟ್ಟು ಬಿಸಿಯಿರುತ್ತದೆ, ಬಹಳ ಹೊತ್ತು ನಿಂತದ್ದು ತಣ್ಣಗಿರುತ್ತದೆ. ಆದ್ದರಿಂದ ತಮ್ಮ ಆಸನ ಸದಾ ಸಾಲಿನ ಕೊನೆಯ ಗಾಡಿಯ ಮೇಲೆ. ಎಂದಾದರೂ ತಾವು ನಡುಸಾಲಿನ ಗಾಡಿಯೇರಿ ಮಲಗಿದಿರೆಂದರೆ ಆ ಗಾಡಿ ಗುಟ್ಟಾಗಿ ಹೋಗಿ ಬಂದಿದೆ ಎಂದೇ ಅರ್ಥ. ಇದನ್ನು ಮೊದಲು ಕಂಡುಹಿಡಿದವರು ನಮ್ಮ ಅಧ್ಯಕ್ಷರು. ಹಿಗ್ಗಿ ಹೀರೇಕಾಯಿಯಾಗಿ, ನಡುಸಾಲಿನಲ್ಲಿ ಬೆಕ್ಕು ಮಲಗಿದ ಗಾಡಿ ಸಾಲಿನ ಕೊನೆಗೆ, ಅದರ ಚಾಲಕ ಹದಿನೈದು ದಿನ ಮನೆಗೆ, ಎಂದು ಆವತ್ತೇ ನಿಯಮ ಮಾಡಿ ತಮ್ಮ ಹೆಸರಿಗೆ ಮೂರು ಸಲ ಚಪ್ಪಾಳೆ ತಟ್ಟಿಸಿದರು.

ಆಮೇಲೆ ತಮ್ಮನ್ನು ಒಲಿಸಿಕೊಳ್ಳಲು ಸದಸ್ಯರು ಪಟ್ಟ ಪಾಡು ತಮಗೆ ನೆನಪಿರಬಹುದು. ಒಬ್ಬ ಬಾನೆಟ್ಟಿಗೆ ಒದ್ದೆ ಗೋಣಿ ಹೊದಿಸಿದ. ಇನ್ನೊಬ್ಬ ತನಗಾಗದವನ ಬಾನೆಟ್ಟಿನ ಮೇಲೆ ಹುರಿದ ಮೀನಿಟ್ಟು ಮರೆಯಲ್ಲಿ ನಿಂತ. ತಾವು ಮೀನನ್ನು ಮುಳ್ಳೂ ಬಿಡದೆ ತಿಂದು, ಮೂತಿ ಒರೆಸಿಕೊಂಡು, ನೇರ ಮೀನಿಟ್ಟವನ ಗಾಡಿಯ ಮೇಲೆ ಹೋಗಿ ಮಲಗಿದಿರಿ. ಲಂಚ ತಿಂದು ಕೆಲಸ ಮಾಡಿಕೊಡುವವರನ್ನು ನಾವು ಕಂಡಿದ್ದೇವೆ, ತಿಂದು ಮಾಡಿಕೊಡದವರನ್ನು ಇನ್ನೂ ಹೆಚ್ಚಾಗಿ ಕಂಡಿದ್ದೇವೆ. ತಿಂದೂ ನ್ಯಾಯ ಹೇಳಿದವರನ್ನು ಕಂಡದ್ದು ಅದೇ ಮೊದಲು.

ಇನ್ನು ನನ್ನ ದೂರು. ಹಲ್ಲಿನ ಡಾಕ್ಟರಮ್ಮನನ್ನು ಎರಡು ಬೀದಿಯಾಚೆ ಬಿಟ್ಟು ಬರಲು ನಾನು ಜಾರಿಕೊಂಡಿದ್ದು ಹೌದು. ಹಿಂದಿನ ಗಾಡಿಯಲ್ಲಿದ್ದ ನನ್ನ ಭಾವಮೈದ ಜಾಗ ಹಿಡಿದಿಟ್ಟದ್ದೂ ಹೌದು. ಆದರೆ ಅವನು ಸಮಿತಿಯ ಮುಂದೆ ನಿಂತು, ತನ್ನ ಮಕ್ಕಳ ಮೇಲೆ ಆಣೆಯಿಟ್ಟು, ನಮ್ಮ ಭಾವನ ಗಾಡಿ ಬೆಳಗಿನಿಂದ ಕದಲಿಲ್ಲ ಎಂದು ಕಣ್ಣೀರು ತುಂಬಿಕೊಂಡು ಹೇಳುತ್ತಿರುವ ಆ ಹೊತ್ತಿನಲ್ಲೇ ತಾವು ನನ್ನ ಬಾನೆಟ್ಟಿನ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯಬೇಕಿತ್ತೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಂದಿನಿಂದ ಮನೆಯಲ್ಲಿದ್ದೇನೆ. ಮನೆಯಲ್ಲಿ ಕೂತ ಗಂಡನಿಗೆ ಎಷ್ಟು ಕೆಲಸಗಳಿರುತ್ತವೆ ಎಂಬುದನ್ನು ನನ್ನ ಹೆಂಡತಿ ದಿನಕ್ಕೊಂದರಂತೆ ತೋರಿಸಿಕೊಡುತ್ತಿದ್ದಾಳೆ.

ಅಂದು ನಾನು ಕದ್ದ ಸರದಿ ಯಾರದ್ದೆಂಬುದನ್ನು ಸಮಿತಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ಸೆಕೆಂಡ್ ಗೇರ್ ತಾತನದು. ಸಂಘದಲ್ಲಿ ಎಲ್ಲರಿಗಿಂತ ಹಿರಿಯ, ಎರಡನೇ ಗೇರು ದಾಟದ ಮನುಷ್ಯ, ಖಾಯಂ ಗಿರಾಕಿಗಳಿಲ್ಲದವನು, ಸಾಲಿನಲ್ಲಿ ನಿಂತರೆ ನಿಂತ. ನಾವು ಒಬ್ಬೊಬ್ಬರಾಗಿ ಮುಂದೆ ತೂರುತ್ತಿದ್ದಾಗ ಅವನು ಒಂದು ದಿನವೂ ದೂರು ಕೊಟ್ಟವನಲ್ಲ. ತಾವು ಬಂದ ಮೇಲೆ ಅವನಿಗೂ ದೂರದ ಬಾಡಿಗೆ ಸಿಗತೊಡಗಿತ್ತು.

ಎಲ್ಲ ಚೆನ್ನಾಗಿಯೇ ನಡೆದಿತ್ತು, ತಾವು ಹೋಗಿ ಹೋಗಿ ಅಧ್ಯಕ್ಷರ ಗಾಡಿಯನ್ನು ಏರುವವರೆಗೆ. ಸಾಲಿನ ಮುಂದಿನ ತುದಿಯಲ್ಲಿ, ಬೆಳಗಿನಿಂದ ಅಲ್ಲಾಡಿಲ್ಲವೆಂದು ಅವರೇ ಹೇಳುತ್ತಿದ್ದ ಗಾಡಿಯ ಮೇಲೆ, ಎಲ್ಲರ ಎದುರಿಗೆ, ತಾವು ಮೈಮುರಿದು ಮಲಗಿದಿರಿ. ಹಿಂದಿನ ದಿನದವರೆಗೆ ತಾವು ಧರ್ಮದ ಅವತಾರ, ಆವತ್ತು ಸಂಜೆಯ ತುರ್ತು ಸಭೆಯಲ್ಲಿ ಬೀದಿ ಬೆಕ್ಕು. ಕೂದಲು ಉದುರಿಸುತ್ತದೆ, ಬಣ್ಣಕ್ಕೆ ಗೀರು ಬೀಳುತ್ತದೆ, ಪ್ರಯಾಣಿಕರಿಗೆ ಸೀನು ಬರುತ್ತದೆ ಎಂದು ಅಧ್ಯಕ್ಷರು ಕಾರಣಗಳನ್ನು ಕೊಟ್ಟರು. ತಮ್ಮನ್ನು ಊರಾಚೆ ಬಿಡಬೇಕೆಂದು ಎಲ್ಲರೂ ಕೈಯೆತ್ತಿದರು. ಮೀನಿಟ್ಟವನು ಎರಡೂ ಕೈ ಎತ್ತಿದ. ಸೆಕೆಂಡ್ ಗೇರ್ ತಾತ ಮಾತ್ರ ಎದ್ದು ನಿಂತು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಕೇಳಿದ: "ಇದು ಬರೋಕೆ ಮುಂಚೆ ನೀವೆಲ್ಲ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳ್ತಿದ್ರಿ. ಮತ್ತೆ ಶುರು ಮಾಡ್ತೀರೇನಪ್ಪಾ?" ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಮುಂದಿನ ವಿಷಯ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು. ತಮ್ಮಿಂದ ಪೆಟ್ಟು ತಿಂದವನು ನಾನೇ ತಾನೆ, ಸಂತೋಷದಿಂದ ಮಾಡುತ್ತೇನೆಂದು ಅಂದಾಜಿಸಿದ ಸಮಿತಿಯವರು ಒಂದು ದೊಡ್ಡ ಗೋಣಿಚೀಲ ಕೊಟ್ಟು, ಬಿಟ್ಟು ಬಂದ ಗಳಿಗೆಯಿಂದ ನನ್ನ ಅಮಾನತು ರದ್ದು ಎಂದರು. ನಾನು ಒಪ್ಪಿದೆ. ಸುಳ್ಳೇಕೆ, ಕುಣಿದುಕೊಂಡೇ ಒಪ್ಪಿದೆ. ತಮ್ಮನ್ನು ಚೀಲಕ್ಕೆ ತುಂಬಿ, ಕೈಯೆಲ್ಲ ಪರಚಿಸಿಕೊಂಡು, ಊರು ಮುಗಿದು ರಸ್ತೆಯ ದೀಪಗಳೂ ಮುಗಿಯುವಲ್ಲಿಗೆ ಕರೆದೊಯ್ದು ಚೀಲದ ಬಾಯಿ ಬಿಚ್ಚಿದೆ. ತಾವು ಓಡಿಹೋಗುತ್ತೀರಿ ಎಂದುಕೊಂಡಿದ್ದೆ. ತಾವು ಮೈ ಕೊಡವಿಕೊಂಡು, ಸುತ್ತ ನೋಡಿ, ನನ್ನ ಗಾಡಿಯ ಬಾನೆಟ್ಟು ಏರಿ ಮಲಗಿದಿರಿ. ಅಲ್ಲಿ ಸಾಲಿರಲಿಲ್ಲ, ಸಮಿತಿಯಿರಲಿಲ್ಲ, ನಾವಿಬ್ಬರೇ. ಗಾಡಿ ಬಿಸಿಯಾಗಿತ್ತು, ಅದು ಯಾವ ಕೆಲಸಕ್ಕೆ ಓಡಿ ಬಿಸಿಯಾಗಿತ್ತೆಂದು ನನಗೆ ಗೊತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು.

ಆದಕಾರಣ ತಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವಾಪಸು ತಂದು ಸ್ಟ್ಯಾಂಡಿನಲ್ಲಿ ಇಳಿಸಿದ್ದೇನೆ, ಉಳಿದ ಅಮಾನತನ್ನು ಮನೆಯಲ್ಲೇ ಮುಗಿಸುತ್ತೇನೆಂದು ಸಮಿತಿಗೆ ತಿಳಿಸಿದ್ದೇನೆ. ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ಬೇಸಿಗೆಯಲ್ಲಿ ಎಲ್ಲ ಬಾನೆಟ್ಟುಗಳೂ ಸುಡುವುದರಿಂದ ತಾವು ನೆರಳಿಗೆ ಹೋಗುತ್ತೀರೆಂದು ಕೆಲವರು ಈಗಲೇ ಕ್ಯಾಲೆಂಡರು ನೋಡುತ್ತಿದ್ದಾರೆ. ದಯವಿಟ್ಟು ನ್ಯಾಯಕ್ಕೆ ಬೇಸಿಗೆ ರಜೆ ಕೊಡಬೇಡಿ, ಬೇಕಾದರೆ ನಾನೇ ಕೊಡೆ ಹಿಡಿಯುತ್ತೇನೆ. ತಮ್ಮ ಮರಿಗಳಲ್ಲಿ ಒಂದನ್ನು ಸಂಘದ ಕಚೇರಿಗೂ ನೇಮಿಸಿ; ಅಲ್ಲಿ ಯಾವ ಕುರ್ಚಿ ಬಿಸಿಯಿದೆ, ಯಾವುದರಲ್ಲಿ ವರ್ಷದಿಂದ ಯಾರೂ ಕೂತಿಲ್ಲ ಎಂಬುದೂ ನಮಗೆ ತಿಳಿಯಬೇಕಾಗಿದೆ. ನಾನು ಸೋಮವಾರ ಕೆಲಸಕ್ಕೆ ಬರುತ್ತೇನೆ. ಸೆಕೆಂಡ್ ಗೇರ್ ತಾತನ ಹಿಂದೆ, ಎಲ್ಲರ ಕೊನೆಯಲ್ಲಿ ನಿಲ್ಲುತ್ತೇನೆ.

ಇಂತು, ಪರಚಿದ ಕೈಯಿಂದಲೇ ಸಹಿ ಹಾಕುತ್ತಿರುವ
ತಮ್ಮ ವಿಶ್ವಾಸಿ,
ಅಮಾನತಿನಲ್ಲಿರುವ ಸದಸ್ಯ

ವಿ.ಸೂ.: ಸಮಿತಿಯವರು ಕೊಟ್ಟ ಗೋಣಿಚೀಲವನ್ನು ನಾನು ಹಿಂತಿರುಗಿಸಿಲ್ಲ, ಡಿಕ್ಕಿಯಲ್ಲೇ ಇದೆ. ಒಬ್ಬ ಆಳು ಆರಾಮಾಗಿ ಹಿಡಿಸುತ್ತಾನೆ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಕೈಯೆತ್ತಿ ತೀರ್ಮಾನಿಸಿದರೆ, ಊರಾಚೆ ಬಿಟ್ಟು ಬರಬೇಕಾದವರು ಯಾರೇ ಆಗಿರಲಿ, ನನ್ನ ಸರದಿ ಬಂದ ಮೇಲೆಯೇ, ಬಾಡಿಗೆ ಕೇಳದೆ ಬಿಟ್ಟು ಬರುತ್ತೇನೆ.