ನಲವತ್ತು ಸಸಿ, ನಲವತ್ತು ಕಲ್ಲು

ಸಸ್ಯಶಾಸ್ತ್ರ ಓದಿದವನಿಗೆ ಬುದ್ಧಿ ಇರುತ್ತದೆಂದು ನಂಬಿ, ವಿಶ್ವವಿದ್ಯಾಲಯದ ನಮ್ಮ ಸೇಡಂ ಕೇಂದ್ರದವರು ದೇಸಿ ಸಸ್ಯಗಳ ತೋಟವನ್ನು ನನಗೆ ಒಪ್ಪಿಸಿದರು. ನನಗೂ ಆ ನಂಬಿಕೆ ಇತ್ತು!

ಚಿಂಚೋಳಿ ಕಾಡಿನ ನಲವತ್ತು ಬಗೆಯ ಸಸಿಗಳನ್ನು ಒಂದೇ ದಿನ ನೆಟ್ಟೆ. ಕರಿಮಣ್ಣಿನಲ್ಲಿ ನೀರು ನಿಲ್ಲಬಾರದೆಂದು ಒಂದೊಂದಕ್ಕೂ ಉದ್ದಕ್ಕೆ ಮಣ್ಣು ಏರಿಸಿದೆ. ಎರಡು ವರ್ಷ ನೀರಿನ ಕೊಡ ಹೊತ್ತೆ. "ಮಕ್ಕಳು ಬಂದು ಕಲಿತರ ತೋಟ, ಇಲ್ಲಾಂದ್ರ ಪಾರ್ಕಿಂಗ್," ಎಂದು ಕೇಂದ್ರದ ಸಾಹೇಬರು ಹೇಳಿಬಿಟ್ಟಿದ್ದರು.

ಕಲಿಯಲು ಹೆಸರಿನ ಫಲಕ ಬೇಕಲ್ಲ? ರಟ್ಟಿನದನ್ನು ಆಡು ತಿಂದಿತು. ತಗಡಿನದನ್ನು ಯಾರೋ ಒಯ್ದರು. ಆಡು ತಿನ್ನದ, ಕಳ್ಳ ಹೊರದ ವಸ್ತು ಯಾವುದು? ಶಹಾಬಾದ್ ಕಲ್ಲು!

"ಕಲ್ಲು ಬ್ಯಾಡ್ರಿ," ಎಂದಳು ಹೆಂಡತಿ.

"ಯಾಕ?"

"ಯಾಕೋ ಮನಸಿಗಿ ಬರವಲ್ದು."

ಅದಕ್ಕೆ ವೈಜ್ಞಾನಿಕ ಆಧಾರವಿಲ್ಲದ ಕಾರಣ ನಾನು ಕಲ್ಲು ಕೆತ್ತಿಸಲು ರಾವೂರಿಗೆ ಹೋದೆ. ನಲವತ್ತು ಕಲ್ಲು ಬೇಕೆಂದು ಹೇಳಿ, ಸಸಿಯ ಹೆಸರು, ಹುಟ್ಟೂರು, ನೆಟ್ಟ ತಾರೀಕು ಚೀಟಿಯಲ್ಲಿ ಬರೆದುಕೊಟ್ಟೆ. ಕಲ್ಲು ಕೆತ್ತುವವನು ಚೀಟಿಯನ್ನು ಬಿಚ್ಚಿಯೂ ನೋಡದೆ ದನಿ ತಗ್ಗಿಸಿದ.

"ಇಂಥ ಕೆಲಸ ಭಾಳ ಮಾಡೀನ್ರಿ ಸರ. ಆದ್ರ ಒಮ್ಮೆಲೆ ನಲವತ್ತು ಇದೇ ಮೊದಲು. ಧೈರ್ಯ ತಗೋರ್ರಿ."

ಧೈರ್ಯ ಯಾಕೆಂದು ನಾನು ಕೇಳಲಿಲ್ಲ. ರೂಢಿಯಂತೆ ಕಲ್ಲುಗಳ ತಲೆಯನ್ನು ಗುಂಡಗೆ ಮಾಡಿಕೊಟ್ಟ.

ಬೇಸಿಗೆಯಲ್ಲಿ ಕುರಕುಂಟಾದ ಶಾಲೆಯಿಂದ ಮಕ್ಕಳು ಬಂದರು. ಗದ್ದಲ ಮಾಡುತ್ತ ಇಳಿದವರು ಗೇಟಿನಲ್ಲೇ ಮೂಕರಾದರು. "ಚಪ್ಪಲ್ ಬಿಡ್ರಿ, ಕೈ ಮುಗೀರಿ," ಎಂದರು ಮಾಸ್ತರರು. ಎಂಥ ಶಿಸ್ತು ಎಂದು ನನಗೆ ಕಣ್ಣು ತುಂಬಿ ಬಂತು!

ಒಬ್ಬ ಹುಡುಗಿ ತಾರೀಕುಗಳನ್ನೆಲ್ಲ ಓದಿ ಮೆಲ್ಲಗೆ ಕೇಳಿದಳು. "ಸರ, ಇವರೆಲ್ಲಾ ಒಂದೇ ದಿನ ತೀರಿಕೊಂಡಾರೇನ್ರಿ?"

ಆಗ ನೋಡಿದೆ. ಮಣ್ಣಿನ ಗುಡ್ಡೆ, ಅದರ ತಲೆಗೊಂದು ಕಲ್ಲು. ಎಲೆ ಉದುರಿದ ಸಸಿಗಳು ಕಣ್ಣಿಗೇ ಕಾಣುತ್ತಿರಲಿಲ್ಲ.

"ಇಲ್ಲವ್ವ, ಜೀವಂತ ಅದಾವ," ಎಂದು ಗಾಬರಿಯಿಂದ ವಿವರಿಸಿದೆ. "ಮಳಿ ಬಿದ್ದ ಕೂಡ್ಲೆ ಎಲ್ಲಾ ಎದ್ದು ಬರ್ತಾವ!"

ಮೊದಲು ಓಡಿದವರು ಮಾಸ್ತರರು.

ನಾನು ಒಂದು ಕಲ್ಲಿಗೆ ಒರಗಿ ಕುಳಿತೆ. ಎರಡು ವರ್ಷದ ದಣಿವು ಒಟ್ಟಿಗೇ ಬಂತು. ಅಳು ಬಂದಿತ್ತು, ಅದಕ್ಕೂ ಶಕ್ತಿ ಸಾಲಲಿಲ್ಲ. ಮುಂದೆ ಯಾವ ಶಾಲೆಯವರೂ ಬರಲಿಲ್ಲ. ಪಾರ್ಕಿಂಗ್ ಮಾಡಲು ಬಂದ ಜೆಸಿಬಿ ಡ್ರೈವರ್ ಮಾತ್ರ ಬಂದ. ಒಳಗೆ ಇಣುಕಿ, "ನನಗ ಸಣ್ಣ ಮಕ್ಕಳವ್ರಿ," ಎಂದು ಗಾಡಿ ತಿರುಗಿಸಿದ. ಆಮೇಲೆ ಯಾವ ಡ್ರೈವರೂ ಒಪ್ಪಲಿಲ್ಲ.

ತೋಟ ಉಳಿಯಿತು. ಆದರೆ ಈಗ ಕೇಂದ್ರದಲ್ಲಿ ಯಾರೂ ನನ್ನನ್ನು ಸಸ್ಯಶಾಸ್ತ್ರದ ಪ್ರಶ್ನೆ ಕೇಳುವುದಿಲ್ಲ. ಅಮಾವಾಸ್ಯೆ ಯಾವತ್ತು ಎಂದು ಕೇಳುತ್ತಾರೆ!