ವಿಷಕಪ್ಪೆಗಳ ಸಂಸಾರ, ನಮ್ಮದೂ ಸೇರಿ

ಕಪ್ಪೆಗಳಿಂದ ನನಗೆ ಇವತ್ತಿನವರೆಗೂ ಒಂದೂ ತೊಂದರೆಯಾಗಿಲ್ಲ. ಮನುಷ್ಯರು ಮಧ್ಯೆ ಬಂದಾಗಲೇ ಏನಾದರೊಂದು ಆಗುವುದು, ಅದೂ ತಿಂಗಳಿಗೆ ಒಂದಾದರೂ. ಸ್ವೀಡನ್ನಿನ ಉಪ್ಸಾಲಾದ ಒಂದು ಪ್ರಯೋಗಾಲಯದಲ್ಲಿ ವಿಷಕಪ್ಪೆಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವು ಒಂದನ್ನೊಂದು ಹೇಗೆ ಕರೆಯುತ್ತವೆ, ಮಕ್ಕಳನ್ನು ಹೇಗೆ ಸಾಕುತ್ತವೆ ಅಂತ ಉಳಿದವರು ಅಧ್ಯಯನ ಮಾಡುತ್ತಾರೆ. ನಾನು ಊಟ ಹಾಕುತ್ತೇನೆ, ಗಾಜು ಒರೆಸುತ್ತೇನೆ.

ಕೋಸಂಬರಿ

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಒಂದೊಂದು ಅಡುಗೆ ಮಾಡಿಕೊಂಡು ಬಂದು ಸೇರುತ್ತೇವೆ. ಆ ವರ್ಷ ನನ್ನ ಕೋಸಂಬರಿ ಮಾತ್ರ ತಂದ ಹಾಗೇ ಇತ್ತು. ಕೊನೆಗೆ ಒಬ್ಬ ಸಾಫ್ಟ್‌ವೇರ್ ಯಜಮಾನರು ಮೆಲ್ಲಗೆ ಕೇಳಿದರು, "ಮೇಡಂ, ಕೈ ತೊಳ್ಕೊಂಡೇ ಮಾಡಿದ್ದು ತಾನೆ?"

"ಅಯ್ಯೋ, ನಮ್ಮ ಕಪ್ಪೆಗಳಲ್ಲಿ ವಿಷಾನೇ ಇಲ್ಲ. ಕಾಡಲ್ಲಿದ್ರೆ ಇರುವೆ, ನುಸಿ ಎಲ್ಲ ತಿಂದು ಮೈಯಲ್ಲಿ ವಿಷ ತುಂಬ್ಕೊಳ್ತವೆ. ಇಲ್ಲಿ ನಾವು ಹಾಕೋ ಹಣ್ಣುನೊಣ ತಿಂದ್ಕೊಂಡು ಸಾಧುವಾಗಿರ್ತವೆ" ಅಂದೆ.

ಅವರಿಗೆ ಬಹಳ ಖುಷಿಯಾಯಿತು. ಹೆಂಡತಿ ಕಡೆ ತಿರುಗಿ, "ಕೇಳಿಸ್ತಾ? ಹೊರಗಡೆ ತಿಂದ್ರೆ ವಿಷ, ಮನೇಲಿ ತಿಂದ್ರೆ ಸಾಧು" ಅಂದರು.

ಆಕೆ ಒಂದು ಸೌಟು ಕೋಸಂಬರಿ ಬಡಿಸಿಕೊಳ್ಳುತ್ತಾ, "ನಮ್ಮನೇಲಿ ಉಲ್ಟಾ. ಇವ್ರು ಆಫೀಸಲ್ಲಿ ತಿನ್ನೋವರ್ಗೂ ಸಾಧೂನೇ. ನಾನು ಬಡಿಸಿದ್ಮೇಲೆ ಬಾಯಲ್ಲಿ ವಿಷ ಬರೋದು" ಅಂದರು.

ಬಸ್ಸಿನಲ್ಲಿ ಬಂದ ಕರೆ

ಗಂಡುಕಪ್ಪೆಯ ಕೂಗನ್ನು ರೆಕಾರ್ಡ್ ಮಾಡಿ ಬೇರೆ ಕಪ್ಪೆಗಳಿಗೆ ಕೇಳಿಸುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಕೇಳಿದ ಗಂಡುಗಳು ಜಗಳಕ್ಕೆ ಬರುತ್ತವೆ, ಹೆಣ್ಣುಗಳು ಬಂದರೆ ಬರುತ್ತವೆ. ಆ ಕೂಗು ನನ್ನ ಫೋನಿನಲ್ಲೂ ಇತ್ತು. ಒಂದು ದಿನ ಬೆಳಗ್ಗೆ ತುಂಬಿದ ಬಸ್ಸಿನಲ್ಲಿ, ಬ್ಯಾಗಿನೊಳಗೆ ಏನು ಒತ್ತಿಹೋಯಿತೋ, ಅದು ಶುರುವಾಯಿತು. ಟ್ರೀ ಟ್ರೀ ಟ್ರೀ ಅಂತ ಇಡೀ ಬಸ್ಸಿಗೆ ಕೇಳುವಷ್ಟು ಜೋರು.

ನಮ್ಮೂರಾಗಿದ್ದರೆ ಹತ್ತು ಜನ ಹತ್ತು ಸಲಹೆ ಕೊಡುತ್ತಿದ್ದರು. ಇಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಊಟದ ಡಬ್ಬಿ, ಟೋಪಿ, ಗ್ಲೌಸು ಎಲ್ಲ ಹೊರಗೆ ತೆಗೆದು, ತಳದಲ್ಲಿದ್ದ ಫೋನು ಹುಡುಕಿ ನಿಲ್ಲಿಸಿದೆ. ಮುಖ ಕೆಂಪಗಾಗಿತ್ತು. "ಕ್ಷಮಿಸಿ, ಅದು ಗಂಡುಕಪ್ಪೆ ಹೆಣ್ಣನ್ನ ಕರೆಯೋ ಸದ್ದು" ಅಂತ ಸ್ವೀಡಿಷ್‌ನಲ್ಲಿ ಎಲ್ಲರಿಗೂ ಸೇರಿಸಿ ಹೇಳಿದೆ.

ನಾಲ್ಕು ಸ್ಟಾಪ್ ಆದ ಮೇಲೆ ಎದುರು ಕೂತಿದ್ದ ಅಜ್ಜ ಇಳಿಯಲು ಎದ್ದು ನನ್ನ ಹತ್ತಿರ ಬಗ್ಗಿದರು. "ಅವಳು ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡ ಅಂತ ನಿನ್ನ ಕಪ್ಪೆಗೆ ಹೇಳು. ನಾನು ನಾಲ್ಕು ವರ್ಷ ಕಾದಿದ್ದೆ."

ಹಿಂದೆ ನಿಂತಿದ್ದ ಅಜ್ಜಿ ಅವರನ್ನು ಬಾಗಿಲ ಕಡೆ ತಳ್ಳುತ್ತಾ ಹೇಳಿದರು: "ನಿನ್ನ ಕಪ್ಪೆ ಕರೆದಾದ್ರೂ ಕರೀತಲ್ಲ. ಈ ಮನುಷ್ಯ ನಾಲ್ಕು ವರ್ಷ ಬಾಯೇ ಬಿಡ್ಲಿಲ್ಲ."

ಅತ್ತೆ ಬಂದಾಗ

ಮಗಳು ಕೂಸಾಗಿದ್ದಾಗ ನನ್ನ ಗಂಡ ಆರು ತಿಂಗಳು ರಜೆ ಹಾಕಿ ಅವಳನ್ನು ನೋಡಿಕೊಂಡರು. ಇಲ್ಲಿ ಅದು ಮಾಮೂಲು. ಮೈಸೂರಿಂದ ಬಂದ ನಮ್ಮತ್ತೆಗೆ ಮಾತ್ರ ಮಗ ಎದೆಗೆ ಕೂಸು ಕಟ್ಟಿಕೊಂಡು ಹಾಲು, ಬ್ರೆಡ್ ತರಲು ಹೋಗುವುದನ್ನು ನೋಡಲಾಗಲಿಲ್ಲ. ನನಗೆ ಏನೂ ಅನ್ನಲಿಲ್ಲ. ಫೋನಿನಲ್ಲಿ ಮೈಸೂರಿಗೆಲ್ಲ ಅಂದರು.

ಅವರಿಗೆ ಸಮಾಧಾನವಾಗಲಿ ಅಂತ ಒಂದು ದಿನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ನನ್ನ ಅದೃಷ್ಟಕ್ಕೆ ನೀಲಿ ಗಂಡುಕಪ್ಪೆಯೊಂದು ಬೆನ್ನ ಮೇಲೆ ಎರಡು ಗೊದಮೊಟ್ಟೆ ಹೊತ್ತುಕೊಂಡು ನೀರು ಹುಡುಕುತ್ತಿತ್ತು.

"ನೋಡಿ ಅತ್ತೆ, ಇವರಲ್ಲಿ ಅಪ್ಪಾನೇ ಮಕ್ಕಳನ್ನ ಹೊರೋದು. ಪ್ರಕೃತಿಯಲ್ಲೇ ಹಾಗಿದೆ" ಅಂದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು. "ಪಾಪ. ತಾಯಿ ಎಲ್ಲಿ?"

"ಅಗೋ, ಆ ಎಲೆ ಮೇಲೆ."

"ಏನು ಮಾಡ್ತಿದಾಳೆ?"

"ಏನಿಲ್ಲ, ಕೂತಿದಾಳೆ."

ಅತ್ತೆ ಆ ಹೆಣ್ಣನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅವಳೂ ನಿಮ್ಮ ಹಾಸನದ ಕಡೆಯವಳೇ ಇರಬೇಕು."

ಮಗು ಹಸಿದಾಗ

ಇನ್ನೊಂದು ಜಾತಿಯ ಕಪ್ಪೆಗಳಲ್ಲಿ ಗೊದಮೊಟ್ಟೆ ಒಂಟಿಯಾಗಿ ಪುಟ್ಟ ನೀರಿನ ಕಪ್ಪಿನಲ್ಲಿ ಬೆಳೆಯುತ್ತದೆ. ಅದಕ್ಕೆ ಹಸಿವಾದಾಗ ಅಪ್ಪಕಪ್ಪೆಯೇ ಅಮ್ಮಕಪ್ಪೆಯನ್ನು ಕೂಗಿ ಕರೆಯುತ್ತದೆ. ಅಮ್ಮ ಬಂದು ಮರಿಯಾಗದ ಒಂದು ಮೊಟ್ಟೆ ಇಟ್ಟು ಹೋಗುತ್ತದೆ. ಅದೇ ಮಗುವಿನ ಊಟ. ನಮ್ಮ ಸಂಶೋಧನಾ ವಿದ್ಯಾರ್ಥಿನಿಗೆ ಈ ಕೂಗಿನ ಮೇಲೇ ಒಂದು ಅಧ್ಯಾಯ ಬರೆಯಬೇಕಿತ್ತು. ಆದರೆ ಅವಳ ಗಂಡುಕಪ್ಪೆ ಎಷ್ಟು ಕೂಗಿದರೂ ಹೆಣ್ಣು ಅಲ್ಲಾಡಲಿಲ್ಲ. ಗೊದಮೊಟ್ಟೆ ಕಡ್ಡಿಯಾಗುತ್ತಾ ಬಂತು. ಫಿಕಾ ಅನ್ನುವ ಇಲ್ಲಿನ ಕಾಫಿ ಬಿಡುವಿಗೆ ಕರೆದರೂ ಈ ಹುಡುಗಿ ಬರುತ್ತಿರಲಿಲ್ಲ. ಎಲ್ಲರೂ ಕಾಫಿ, ಬನ್ ಮುಂದೆ ಕೂತಿದ್ದರೆ ಅವಳು ಗಾಜಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಅವಳು ಕ್ಯಾಮೆರಾ, ರೆಕಾರ್ಡರ್ ಎರಡನ್ನೂ ಚಾಲೂ ಇಟ್ಟು ಮನೆಗೆ ಹೋಗಿದ್ದಳು. ನನಗೆ ಗೊತ್ತಿರಲಿಲ್ಲ. ನಾನು ಗಾಜು ಒರೆಸುತ್ತಿದ್ದಾಗ ಮಗಳ ಡಾಗಿಸ್‌ನಿಂದ, ಅಂದರೆ ಶಿಶುವಿಹಾರದಿಂದ, ಫೋನು: ಬಾಗಿಲು ಹಾಕುವ ಹೊತ್ತಾಯಿತು, ಅಪ್ಪ ಇನ್ನೂ ಬಂದಿಲ್ಲ. ತಕ್ಷಣ ಗಂಡನಿಗೆ ಫೋನು ಮಾಡಿ ತಾರಕದಲ್ಲಿ ಕೂಗಿದೆ.

ಮರುದಿನ ವಿದ್ಯಾರ್ಥಿನಿ ಓಡಿಬಂದಳು. ಹೆಣ್ಣು ಮೊಟ್ಟೆ ಇಟ್ಟಿತ್ತು, ಗೊದಮೊಟ್ಟೆ ತಿನ್ನುತ್ತಿತ್ತು! ಎಲ್ಲರೂ ಸಭೆ ಸೇರಿದರು. ನಮ್ಮ ಪ್ರೊಫೆಸರಮ್ಮ ವಿಡಿಯೋ ಹಾಕಿಸಿದರು. ಗಂಡು ಕೂಗಿತು, ಹೆಣ್ಣು ಕದಲಲಿಲ್ಲ. ಮತ್ತೆ ಕೂಗಿತು, ಕದಲಲಿಲ್ಲ. ಆಗ ಸ್ಪೀಕರಿನಿಂದ ನನ್ನ ದನಿ: "ರೀ! ಎಲ್ಲಿದ್ದೀರಾ? ಮಗು ಹಸ್ಕೊಂಡು ಕೂತಿದೆ! ಕರೆದ ತಕ್ಷಣ ಬರಕ್ಕಾಗಲ್ವಾ?"

ಹೆಣ್ಣುಕಪ್ಪೆ ಬೆಚ್ಚಿ ಎದ್ದು ನೆಟ್ಟಗೆ ಕಪ್ಪಿನ ಕಡೆ ಹೊರಟಿತು.

ನನಗೆ ಮೇಜಿನ ಕೆಳಗೆ ಹೋಗೋಣ ಅನ್ನಿಸಿತು. ಪ್ರೊಫೆಸರಮ್ಮ ಗಂಭೀರವಾಗಿ, "ಇದು ಯಾವ ಭಾಷೆ? ಏನು ಹೇಳ್ತಿದ್ದೀಯ?" ಅಂತ ಕೇಳಿದರು. ಅನುವಾದ ಮಾಡಿ ಹೇಳಿದೆ.

"ಕಾಕತಾಳೀಯ ಇರಬಹುದು" ಅಂತ ಬರೆದುಕೊಂಡು ತಲೆ ಎತ್ತಿದರು. "ನಿನ್ನ ಗಂಡ ಬಂದನಾ?"

"ಬಂದ್ರು" ಅಂದೆ. "ಆದ್ರೆ ಕಪ್ಪೆ ಮೊದಲು ಬಂತು."