ನಾಲ್ಕು ಸೆಂಟಿಮೀಟರಿನ ಪ್ಯಾಂಟು

ರಾಯದುರ್ಗದ ಆ ಜೀನ್ಸ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಇನ್‌ಚಾರ್ಜ್ ಖುರ್ಚಿ ಖಾಲಿಯಾದಾಗಿನಿಂದ ಯರ್ರಿಸ್ವಾಮಿಗೆ ಅನ್ನ ಸೇರುತ್ತಿರಲಿಲ್ಲ. ವರ್ಷಗಟ್ಟಲೆ ದುಡಿದವನು ಅವನು. ನಿನ್ನೆ ಮೊನ್ನೆ ಮಡಕಶಿರದಿಂದ ಬಂದ ಕಿರಣ್ ಕುಮಾರನ ಕಣ್ಣೂ ಅದೇ ಖುರ್ಚಿಯ ಮೇಲೆ! ಹೊಟ್ಟೆ ಉರಿಯದೆ ಇರುತ್ತದೆಯೇ?

ಮ್ಯಾನೇಜರ್ ಕದಿರಪ್ಪ ಬೆಳಿಗ್ಗೆಯೇ ಹೇಳಿದ್ದರು: “ಒಂದು ಪ್ಯಾಂಟಿಗೆ ಎಷ್ಟು ಬಟ್ಟಿ ಬೇಕಂತ ಇಬ್ರೂ ಒಂದೊಂದು ಪ್ರೋಗ್ರಾಂ ಬರೀರಿ. ಸಂಜಿಗೆ ಓಡಿಸಿ ನೋಡೋಣು. ಯಾರ್ದು ಸರಿ ಬರ್ತದೋ, ಖುರ್ಚಿ ಅವರ್ದು.”

ಲೆಕ್ಕ ನಡೆಯುವುದು ಬೆಂಗಳೂರಿನ ಹೆಡ್ಡಾಫೀಸಿನ ಮೇನ್‌ಫ್ರೇಮಿನಲ್ಲಿ. ದಶಮಾಂಶ ಬಿಂದುವಿರುವ ಸಂಖ್ಯೆಗಳನ್ನು ಆ ಮಹಾಯಂತ್ರ ಎರಡು ಬಗೆಯಲ್ಲಿ ಬರೆದಿಡುತ್ತದೆ: ಹಳೆಯ ಹೆಕ್ಸ್, ಹೊಸ ಐಇಇಇ. ಯಾವುದೆಂದು ಕಂಪೈಲ್ ಮಾಡುವಾಗಲೇ, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗಲೇ, ಹೇಳಬೇಕು. ಅಳತೆಗಳೆಲ್ಲ ಇದ್ದದ್ದು ಹಳೆಯದರಲ್ಲಿ. ಅವನ್ನು ಹೊಸದೆಂದು ಓದಿದರೆ ಒಂದೂಕಾಲು ಮೀಟರ್ ಬಟ್ಟೆ ಒಂಬತ್ತೂಕಾಲು ಮೀಟರ್ ಆಗಿಬಿಡುತ್ತದೆ.

‘ಅದು ಪ್ಯಾಂಟಲ್ಲ, ಸೀರಿ!’ ಯರ್ರಿಸ್ವಾಮಿ ಒಳಗೊಳಗೇ ನಕ್ಕ.

ವಿಭಾಗಕ್ಕೆಲ್ಲ ಒಂದೇ ಪಾಸ್‌ವರ್ಡ್. ಕಿರಣ್ ಊಟಕ್ಕೆ ಎದ್ದದ್ದೇ ತಡ, ಅವನ ಪ್ರೋಗ್ರಾಮನ್ನು ತೆರೆದು ‘ಹಳೆಯ ಬಗೆ’ ಎಂದಿದ್ದುದನ್ನು ಅಳಿಸಿ, ‘ಹೊಸ ಬಗೆ’ ಎಂದು ಹಾಕಿ, ಕಂಪೈಲ್ ಮಾಡಿಬಿಟ್ಟ.

“ಏನ್ರಿ, ಅವನ ಕೆಲಸಾನೂ ನೀವ ಮಾಡ್ತೀರೇನು?” ಪಕ್ಕದ ಮೇಜಿನ ಆದಿಲಕ್ಷ್ಮಿ ಕತ್ತು ಚಾಚಿದಳು.

“ಧೂಳು ಒರಸಾಕತ್ತೀನವ್ವ,” ಎಂದು ಬೆವರು ಒರೆಸಿಕೊಂಡ.

ಸಂಜೆ ಎಲ್ಲರೂ ಸೇರಿದರು. ಮೊದಲು ಯರ್ರಿಸ್ವಾಮಿಯ ಪ್ರೋಗ್ರಾಂ ಓಡಿತು. ಪ್ಯಾಂಟೊಂದಕ್ಕೆ ಬಟ್ಟೆ: ನಾಲ್ಕು ಸೆಂಟಿಮೀಟರು!

“ಇದು ಯಾರಿಗ್ರಿ, ಇಲಿಗೇನು?” ಎಂದಳು ಆದಿಲಕ್ಷ್ಮಿ. ಕಿರಣನದು ಓಡಿತು. ಒಂದೂಕಾಲು ಮೀಟರು, ಕರಾರುವಾಕ್ಕು. ಸೀರೆ ಎಲ್ಲಿ ಹೋಯಿತೆಂದು ಯರ್ರಿಸ್ವಾಮಿ ಪರದೆಗೆ ಮುಖವಿಟ್ಟು ನೋಡಿದ.

ಅಷ್ಟರಲ್ಲಿ ಹೆಡ್ಡಾಫೀಸಿನ ಫೋನು. ಮಧ್ಯಾಹ್ನವೇ ಅಳತೆಗಳನ್ನೆಲ್ಲ ಹೊಸ ಬಗೆಗೆ ಬದಲಾಯಿಸಿದ್ದರಂತೆ, ತಿಳಿಸಲು ಮರೆತಿದ್ದರಂತೆ. ಹೊಸದನ್ನು ಹಳೆಯದೆಂದು ಓದಿದರೆ ಒಂದೂಕಾಲು ಮೀಟರು ನಾಲ್ಕು ಸೆಂಟಿಮೀಟರಿಗೆ ಇಳಿಯುತ್ತದಂತೆ.

“ಭಲೇ ಕಿರಣ್! ಮೊದಲಽ ಗೊತ್ತಾಗಿತ್ತೇನು?” ಎಂದರು ಕದಿರಪ್ಪ.

“ಇಲ್ಲ ಸಾರ್, ನಾನು ಹಳೇದೇ ಹಾಕಿದ್ದೆ. ಯಾರೋ ಬದಲಾಯ್ಸವ್ರೆ.”

“ಯಾರ್ರಿ ಆ ಪುಣ್ಯಾತ್ಮ?”

ಬಂದ ಹೊಗಳಿಕೆ ಕಿರಣನ ಪಾಲಾಗುವುದೇ? ಯರ್ರಿಸ್ವಾಮಿಗೆ ತಡೆಯಲಾಗಲಿಲ್ಲ. “ನಾನ ಸರ! ನಾನ ಮಾಡಿದ್ದು!” ಎಂದು ಎದ್ದು ನಿಂತ.

“ಹೌದ್ರಿ ಸರ, ನಾ ಕಣ್ಣಾರೆ ನೋಡೀನಿ,” ಎಂದಳು ಆದಿಲಕ್ಷ್ಮಿ.

ಕದಿರಪ್ಪ ಬೆರಗಾಗಿ ನೋಡಿದರು. “ಅಂದ್ರ, ಅವಂದು ಸರಿ ಮಾಡಿ, ನಿಂದು ಹಳೇದ್ರಾಗ ಬಿಟ್ಟೆಲ್ಲೋ?”

ಕದಿರಪ್ಪ ಕಣ್ಣೊರೆಸಿಕೊಂಡು ಯರ್ರಿಸ್ವಾಮಿಯನ್ನು ತಬ್ಬಿಕೊಂಡರು. “ಕಿರಿಯವನು ಗೆಲ್ಲಲಿ ಅಂತ ತಾನಽ ಸೋತನಲ್ರೋ! ಇಂಥಾ ದೊಡ್ಡ ಮನಸಿಗೆ ಖುರ್ಚಿ ಯಾಕ ಬೇಕು? ಕಿರಣ್, ಅಣ್ಣನ ಕಾಲಿಗೆ ಬೀಳೋ. ಯರ್ರಿಸ್ವಾಮಿ, ನಿನ್ನ ಕೈಯಾರೆ ಅವನ್ನ ಆ ಖುರ್ಚಿ ಮ್ಯಾಲ ಕೂಡಿಸಪಾ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಯರ್ರಿಸ್ವಾಮಿ ಕಿರಣನ ಕೈಹಿಡಿದು ಖುರ್ಚಿಯ ಮೇಲೆ ಕೂರಿಸಿದ.